ಉಸಿರು, ಯಂತ್ರ ಮತ್ತು ಒಂದು ಹಳೆಯ ಪ್ರಶ್ನೆ



ಆಸ್ಪತ್ರೆಯ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತ ಮನೆಯವರನ್ನು ವೈದ್ಯರು ಕೇಳುವ ಒಂದು ಪ್ರಶ್ನೆಯಿದೆ: ‘ಯಂತ್ರ ಮುಂದುವರಿಸೋಣವೇ?’ ನಿಮ್ಮಲ್ಲಿ ಕೆಲವರು ಈ ಮಾತನ್ನು ನಿಮ್ಮ ಮನೆಯ ಹಿರಿಯರ ಬಾಯಲ್ಲೇ ಕೇಳಿರಬಹುದು. ನಿಮ್ಮ ಮುತ್ತಜ್ಜನ ಕಾಲದಲ್ಲಿ ಈ ಪ್ರಶ್ನೆ ಇರಲಿಲ್ಲ. ಉಸಿರು ನಿಂತರೆ ಸ್ವಲ್ಪ ಹೊತ್ತಿನಲ್ಲಿ ಹೃದಯವೂ ನಿಲ್ಲುತ್ತಿತ್ತು. ಯಾರೂ ನಿರ್ಧರಿಸಬೇಕಾಗಿರಲಿಲ್ಲ. ನಿರ್ಧರಿಸಲೇಬೇಕಾದ ಪರಿಸ್ಥಿತಿಯನ್ನು ತಂದದ್ದು ಇಪ್ಪತ್ತನೆಯ ಶತಮಾನದ ವಿಜ್ಞಾನ.

ಒಂದು ಸಂಗತಿ ನಿಮಗೆ ಆಶ್ಚರ್ಯ ತರಬಹುದು. ಈ ಪ್ರಶ್ನೆ ಹುಟ್ಟಿದ ಹೊಸತರಲ್ಲಿ ಆಸ್ಟ್ರಿಯಾ ದೇಶದ ಅರಿವಳಿಕೆ ತಜ್ಞರೊಬ್ಬರು ಅದನ್ನು ಮುಂದಿಟ್ಟದ್ದು ನ್ಯಾಯಾಲಯದ ಮುಂದಲ್ಲ, ರೋಮಿನ ಪೋಪರ ಮುಂದೆ. ಅದು 1957ನೆಯ ಇಸವಿ. ಪೋಪರು ಕೊಟ್ಟ ಉತ್ತರದ ಬೇರು ಅದಕ್ಕೂ ನಾಲ್ಕುನೂರು ವರ್ಷ ಹಿಂದಿನದು. ಯಂತ್ರವೇ ಇಲ್ಲದ ಕಾಲದ ಚಿಂತನೆ ಯಂತ್ರಯುಗದ ಪ್ರಶ್ನೆಗೆ ಹೇಗೆ ಒದಗಿಬಂತು? ಈ ಲೇಖನ ಹೇಳಹೊರಟಿರುವುದು ಆ ಕಥೆಯನ್ನು.

ಪಾರುಪತ್ಯಗಾರನ ಹೊಣೆ

ಕಥೋಲಿಕ ಕ್ರೈಸ್ತರ ನಂಬಿಕೆಯಲ್ಲಿ ಮನುಷ್ಯನ ಜೀವ ದೇವರು ಕೊಟ್ಟದ್ದು. ಮನುಷ್ಯ ಅದರ ಒಡೆಯನಲ್ಲ, ಪಾರುಪತ್ಯಗಾರ. ಒಡೆಯ ಒಪ್ಪಿಸಿಹೋದ ತೋಟವನ್ನು ಪಾರುಪತ್ಯಗಾರ ಕಾಪಾಡಬೇಕು, ತನಗೆ ಬೇಡವೆನಿಸಿದಾಗ ಕಡಿದುಹಾಕುವಂತಿಲ್ಲ. ಹಾಗಾಗಿ ಕೊಲೆ, ಆತ್ಮಹತ್ಯೆ, ದಯಾಮರಣ ಮೂರನ್ನೂ ಆ ಧರ್ಮಸಭೆ ನಿಷೇಧಿಸುತ್ತದೆ. ಹದಿಮೂರನೆಯ ಶತಮಾನದ ದಾರ್ಶನಿಕ ಥಾಮಸ್ ಅಕ್ವಿನಾಸ್ ಆತ್ಮಹತ್ಯೆಯನ್ನು ನಿರಾಕರಿಸುವಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು.

ಆದರೆ ಇದೇ ನಂಬಿಕೆಗೆ ಇನ್ನೊಂದು ಮುಖವಿದೆ. ಇಹದ ಬಾಳು ದೊಡ್ಡದು, ಆದರೆ ಅದೇ ಎಲ್ಲಕ್ಕಿಂತ ದೊಡ್ಡದಲ್ಲ. ಸಾವಿನಾಚೆಗೆ ಪುನರುತ್ಥಾನವಿದೆ ಎಂದು ನಂಬುವವನಿಗೆ ಸಾವು ಕೊನೆಯ ಸೋಲಲ್ಲ. ಆದ್ದರಿಂದ ಎಷ್ಟೇ ನೋವಾಗಲಿ, ಎಷ್ಟೇ ಖರ್ಚಾಗಲಿ, ಇನ್ನೊಂದು ದಿನ ಬದುಕಲೇಬೇಕೆಂದು ಹಟ ಹಿಡಿಯುವುದು ಅವನ ಕರ್ತವ್ಯವೂ ಅಲ್ಲ. ಜೀವವನ್ನು ತೆಗೆಯಬಾರದು, ಜೀವಕ್ಕೆ ಜೋತುಬೀಳಲೂ ಬೇಕಾಗಿಲ್ಲ. ಈ ಎರಡು ಮಾತುಗಳನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇವೆರಡರ ನಡುವಿನ ಜಾಗದಲ್ಲಿ ನಡೆದ ಇತಿಹಾಸ.

ಕಾಯಿಲೆ ಬಿದ್ದವರಿಗಾಗಿ ಕಥೋಲಿಕರಲ್ಲಿ ಇರುವ ಸಂಸ್ಕಾರವನ್ನು ನೋಡಿದರೂ ಈ ಎರಡು ಎಳೆಗಳು ಕಾಣುತ್ತವೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರವು, ರೋಗಿಯ ಬಳಿಗೆ ಸಭೆಯ ಹಿರಿಯರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂದು ಹೇಳುತ್ತದೆ. ಮೊದಲ ಶತಮಾನಗಳಲ್ಲಿ ಇದು ಗುಣವಾಗಲೆಂದು ಮಾಡುವ ತೈಲಲೇಪನ. ಮಧ್ಯಯುಗದಲ್ಲಿ ಇದು ಮೆಲ್ಲಗೆ ಸಾವಿನ ಹಾಸಿಗೆಗೆ ಸರಿಯಿತು, ‘ಕೊನೆಯ ತೈಲಲೇಪನ’ ಎಂಬ ಹೆಸರು ಪಡೆಯಿತು. ಪರಿಣಾಮವೇನಾಯಿತು ಗೊತ್ತೇ? ಪಾದ್ರಿ ಎಣ್ಣೆ ಹಿಡಿದು ಮನೆಗೆ ಬಂದರೆಂದರೆ ಸಾವು ಬಂತೆಂದೇ ಅರ್ಥ. ರೋಗಿ ಹೆದರುತ್ತಾನೆಂದು ಮನೆಯವರು ಅವನಿಗೆ ಎಚ್ಚರ ತಪ್ಪುವವರೆಗೂ ಪಾದ್ರಿಗೆ ಹೇಳಿಕಳಿಸದೆ ಇರುತ್ತಿದ್ದುದುಂಟು.

1551ರಲ್ಲಿ ಟ್ರೆಂಟ್ ಮಹಾಸಭೆ ಇದನ್ನು ಏಳು ಸಂಸ್ಕಾರಗಳಲ್ಲಿ ಒಂದೆಂದು ದೃಢಪಡಿಸಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ಇದನ್ನು ‘ರೋಗಿಗಳ ತೈಲಲೇಪನ’ ಎನ್ನುವುದು ಹೆಚ್ಚು ಸರಿ, ಇದು ಸಾವಿನ ಅಂಚಿನಲ್ಲಿರುವವರಿಗೆ ಮಾತ್ರವಲ್ಲ ಎಂದಿತು. 1972ರಲ್ಲಿ ಪೋಪ್ ಆರನೆಯ ಪಾಲ್ ವಿಧಿಯನ್ನು ಪರಿಷ್ಕರಿಸಿದರು. ಹಣೆಗೂ ಕೈಗಳಿಗೂ ಎಣ್ಣೆ ಹಚ್ಚುವುದು ಈಗಿನ ಕ್ರಮ. ಆಲಿವ್ ಎಣ್ಣೆ ಸಿಗದ ನಾಡುಗಳಲ್ಲಿ ಬೇರೆ ಸಸ್ಯದ ಎಣ್ಣೆಯೂ ಆಗಬಹುದೆಂದು ಅವರು ಅನುಮತಿಸಿದರು. ನಿಜವಾಗಿ ಸಾಯುತ್ತಿರುವವರಿಗೆ ಕೊಡುವ ಕೊನೆಯ ಸಂಸ್ಕಾರ ಎಣ್ಣೆಯದಲ್ಲ, ಪರಮಪ್ರಸಾದದ್ದು. ಅದಕ್ಕಿರುವ ಲ್ಯಾಟಿನ್ ಹೆಸರಿನ ಅರ್ಥ ನಮ್ಮ ಕನ್ನಡದ ಒಂದು ಚಂದದ ಪದದಲ್ಲಿದೆ: ದಾರಿಬುತ್ತಿ.

ಒಂದು ಸಂಸ್ಕಾರ ಗುಣವಾಗಲೆಂದು ಹಾರೈಸುತ್ತದೆ, ಇನ್ನೊಂದು ಹೊರಟವನಿಗೆ ಬುತ್ತಿ ಕಟ್ಟುತ್ತದೆ. ಯಾವಾಗ ಚಿಕಿತ್ಸೆ, ಯಾವಾಗ ಬೀಳ್ಕೊಡುಗೆ ಎಂಬ ಪ್ರಶ್ನೆ ಈ ಸಂಪ್ರದಾಯದೊಳಗೆ ಮೊದಲಿನಿಂದಲೂ ಇತ್ತು.

ಸಲಮಾಂಕದ ಪಾಠ

ಈಗ ಹದಿನಾರನೆಯ ಶತಮಾನದ ಸ್ಪೇನಿಗೆ ಹೋಗೋಣ. ಸಲಮಾಂಕ ವಿಶ್ವವಿದ್ಯಾಲಯದಲ್ಲಿ 1526ರಿಂದ 1546ರವರೆಗೆ ದೈವಶಾಸ್ತ್ರ ಕಲಿಸಿದವರು ಡೊಮಿನಿಕನ್ ಸಂನ್ಯಾಸಿ ಫ್ರಾನ್ಸಿಸ್ಕೊ ದೆ ವಿಟೋರಿಯ. ಅವರು ಎತ್ತಿಕೊಂಡ ಪ್ರಶ್ನೆ ಬಹಳ ಸರಳವಾದದ್ದು. ಊಟ ಬಿಟ್ಟು ಸಾಯುವುದು ಆತ್ಮಹತ್ಯೆಯಾದರೆ, ಅನ್ನ ಕಂಡರೆ ಹಿಂಸೆಯಾಗುವಷ್ಟು ಬಳಲಿದ ರೋಗಿ ಉಣ್ಣದಿದ್ದರೆ ಅದೂ ಪಾಪವೇ?

ಅಲ್ಲ ಎಂದರು ವಿಟೋರಿಯ. ಸಾಮಾನ್ಯ ಜನ ಉಣ್ಣುವ ಆಹಾರವನ್ನು ತನ್ನ ಶಕ್ತಿಯಿದ್ದಷ್ಟು ಉಂಡರೆ ರೋಗಿಯ ಕರ್ತವ್ಯ ಮುಗಿಯಿತು. ವೈದ್ಯ ಹೇಳಿದನೆಂದು ಕೋಳಿಮಾಂಸದಂತಹ ದುಬಾರಿ ಪಥ್ಯವನ್ನೇ ತಿಂದು ಆಯುಸ್ಸು ಹೆಚ್ಚಿಸಿಕೊಳ್ಳಬೇಕೆಂಬ ನಿರ್ಬಂಧವಿಲ್ಲ. ಮದ್ದಿಗಾಗಿ ಇದ್ದಬದ್ದ ಆಸ್ತಿಯನ್ನೆಲ್ಲ ಸುರಿಯಬೇಕೆಂದೂ ಇಲ್ಲ. ಅವರ ಸಹೋದ್ಯೋಗಿ ಡೊಮಿಂಗೊ ದೆ ಸೋತೊ ಇನ್ನೊಂದು ಉದಾಹರಣೆ ಕೊಟ್ಟರು. ಕೊಳೆತ ಕಾಲನ್ನು ಕತ್ತರಿಸಿದರೆ ಜೀವ ಉಳಿಯಬಹುದು, ಆದರೆ ಆ ಭಯಂಕರ ನೋವನ್ನು ಸಹಿಸಲೇಬೇಕೆಂದು ಯಾರನ್ನೂ ಕಟ್ಟುಪಡಿಸಲಾಗದು. 1595ರಲ್ಲಿ ಡೊಮಿಂಗೊ ಬಾನ್ಯೆಸ್ ಈ ವಿಚಾರಕ್ಕೆ ಹೆಸರು ಕೊಟ್ಟರು: ಜೀವ ಉಳಿಸುವ ಸಾಧನಗಳಲ್ಲಿ ‘ಸಾಮಾನ್ಯ’ವಾದವು ಕಡ್ಡಾಯ, ‘ಅಸಾಮಾನ್ಯ’ವಾದವು ಕಡ್ಡಾಯವಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಯಾವುದು ಅಸಾಮಾನ್ಯ ಎಂಬುದು ಸಾಧನದ ಗುಣವಲ್ಲ. ಅದು ಆ ರೋಗಿಗೆ, ಆ ಕಾಲದಲ್ಲಿ, ಆ ಸ್ಥಳದಲ್ಲಿ ಎಷ್ಟು ಹೊರೆಯಾಗುತ್ತದೆ ಎಂಬುದರ ಮೇಲೆ ನಿಂತಿದೆ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ಈಥರ್ ಕೊಟ್ಟು, ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಎಲ್ಲರೆದುರು ತೋರಿಸಿದರು. ಅಲ್ಲಿಂದ ಮುಂದೆ ಸೋತೊ ಹೇಳಿದ ಕಾಲು ಕತ್ತರಿಸುವ ಉದಾಹರಣೆ ತನ್ನ ಬಲ ಕಳೆದುಕೊಳ್ಳತೊಡಗಿತು. ನೋವು ಹೋದರೆ ಹೊರೆಯೂ ಇಳಿಯಿತಲ್ಲವೇ? ಗೆರೆ ಸರಿಯಿತು, ಆದರೆ ಗೆರೆ ಎಳೆಯುವ ಸೂತ್ರ ಉಳಿಯಿತು. ಅರಿವಳಿಕೆ ಒಂದು ಹಳೆಯ ಸಮಸ್ಯೆಯನ್ನು ಬಿಡಿಸಿತು. ನೂರು ವರ್ಷ ಕಳೆದ ಮೇಲೆ ಅದೇ ಅರಿವಳಿಕೆ ತಜ್ಞರು ಅದಕ್ಕಿಂತ ದೊಡ್ಡ ಸಮಸ್ಯೆಯನ್ನು ತಂದರು.

ಕೈಯಿಂದ ಹಿಂಡಿದ ಉಸಿರು

1952ರ ಬೇಸಿಗೆಯಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತು. ಉಸಿರಾಟದ ಸ್ನಾಯುಗಳೇ ನಿಶ್ಚೇಷ್ಟಿತವಾದ ರೋಗಿಗಳು ದಿನವೂ ಬ್ಲೆಗ್ಡಾಮ್ ಆಸ್ಪತ್ರೆಗೆ ಬರುತ್ತಿದ್ದರು. ಇಡೀ ಆಸ್ಪತ್ರೆಯಲ್ಲಿದ್ದದ್ದು ಒಂದೇ ಒಂದು ‘ಉಕ್ಕಿನ ಶ್ವಾಸಕೋಶ’ ಮತ್ತು ಎದೆಗೆ ಕಟ್ಟುವ ಆರು ಸಣ್ಣ ಯಂತ್ರಗಳು. ಉಕ್ಕಿನ ಶ್ವಾಸಕೋಶವೆಂದರೆ ಕತ್ತಿನವರೆಗೆ ರೋಗಿಯನ್ನು ಒಳಗೆ ಮಲಗಿಸುವ ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಗಾಳಿಯ ಒತ್ತಡ ತಗ್ಗಿಸಿದಾಗ ಎದೆ ಹಿಗ್ಗಿ, ಮೂಗುಬಾಯಿಗಳಿಂದ ಗಾಳಿ ಒಳಹೋಗುತ್ತದೆ.

ಆಸ್ಪತ್ರೆಯ ಮುಖ್ಯ ವೈದ್ಯ ಲಾಸೆನ್ ಅವರು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರ ನೆರವು ಕೇಳಿದರು. ಇಬ್ಸೆನ್ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ದಿನವೂ ಮಾಡುತ್ತಿದ್ದುದನ್ನೇ ಇಲ್ಲಿ ಮಾಡಿದರು. ಆಗಸ್ಟ್ 27ರಂದು ಸಾಯುವ ಸ್ಥಿತಿಯಲ್ಲಿದ್ದ 12 ವರ್ಷದ ಬಾಲಕಿಯ ಶ್ವಾಸನಾಳಕ್ಕೆ ರಂಧ್ರ ಮಾಡಿಸಿ, ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಹಿಂಡಿ ಶ್ವಾಸಕೋಶಕ್ಕೆ ಗಾಳಿ ತುಂಬಿದರು. ಹುಡುಗಿ ಬದುಕಿದಳು. ಆದರೆ ನೂರಾರು ರೋಗಿಗಳಿಗೆ ಹಗಲಿರುಳು ಚೀಲ ಹಿಂಡುವವರು ಯಾರು? ಸುಮಾರು 1500 ಮಂದಿ ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಬಂದು ಕುಳಿತರು. ಹೌದು, ನಿಮ್ಮ ವಯಸ್ಸಿನವರೇ. ಇಂತಹ ರೋಗಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಆ ಸಂಖ್ಯೆ ಸುಮಾರು ನಲವತ್ತಕ್ಕೆ ಇಳಿಯಿತು. ಮುಂದೆ ವಿದ್ಯಾರ್ಥಿಗಳ ಕೈಯ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಇಂದಿನ ತೀವ್ರ ನಿಗಾ ಘಟಕ ಹುಟ್ಟಿದ್ದು ಹೀಗೆ.

ಪೋಲಿಯೊ ರೋಗಿಯ ಮಿದುಳು ಎಚ್ಚರವಾಗಿರುತ್ತದೆ, ಅವನು ಚೇತರಿಸಿಕೊಳ್ಳಬಲ್ಲ. ಇದೇ ಯಂತ್ರವನ್ನು ತಲೆಗೆ ಭಾರಿ ಪೆಟ್ಟುಬಿದ್ದು, ಮತ್ತೆಂದೂ ಎಚ್ಚರಗೊಳ್ಳದವರಿಗೂ ಹಾಕತೊಡಗಿದಾಗ ಏನಾಯಿತು? ಎದೆ ಏರಿಳಿಯುತ್ತದೆ, ಮೈ ಬೆಚ್ಚಗಿದೆ, ಹೃದಯ ಬಡಿಯುತ್ತಿದೆ. ಆದರೆ ರೋಗಿ ಮರಳುವ ಸೂಚನೆಯಿಲ್ಲ. ಯಂತ್ರ ತೆಗೆದರೆ ಕೆಲವೇ ನಿಮಿಷಗಳಲ್ಲಿ ಎಲ್ಲ ನಿಲ್ಲುತ್ತದೆ. ತೆಗೆದ ವೈದ್ಯ ಕೊಲೆಗಾರನೇ?

1957ರ ಉತ್ತರ

ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾಲಯದಲ್ಲಿ ಅರಿವಳಿಕೆ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ಬ್ರೂನೊ ಹೈಡ್ ಈ ಪ್ರಶ್ನೆಯನ್ನು ಮೂರು ಭಾಗ ಮಾಡಿ ಪೋಪ್ ಹನ್ನೆರಡನೆಯ ಪಿಯುಸ್ ಅವರಿಗೆ ಕಳುಹಿಸಿದರು. ಆಸೆಯೇ ಇಲ್ಲದ ರೋಗಿಗೂ ಯಂತ್ರ ಹಾಕಲೇಬೇಕೇ? ಕೆಲವು ದಿನ ನೋಡಿದ ಮೇಲೂ ಸುಧಾರಿಸದಿದ್ದರೆ ತೆಗೆಯಬಹುದೇ? ಯಂತ್ರದಿಂದಲೇ ಉಸಿರಾಡುತ್ತಿರುವವನು ಬದುಕಿದ್ದಾನೆಯೇ, ಸತ್ತಿದ್ದಾನೆಯೇ? 1957ರ ನವೆಂಬರ್ 24ರಂದು ಪೋಪರು ವೈದ್ಯರನ್ನು ಉದ್ದೇಶಿಸಿ ಮಾಡಿದ ಭಾಷಣದಲ್ಲಿ ಉತ್ತರ ಕೊಟ್ಟರು.

ಮೊದಲ ಎರಡಕ್ಕೆ ಅವರು ಕೊಟ್ಟ ಉತ್ತರದಲ್ಲಿ ಸಲಮಾಂಕದ ಸೂತ್ರವೇ ಕಾಣುತ್ತದೆ. ತನಗಾಗಲಿ ಇತರರಿಗಾಗಲಿ ಭಾರಿ ಹೊರೆಯಾಗದ ಸಾಮಾನ್ಯ ಸಾಧನಗಳನ್ನು ಬಳಸುವುದಷ್ಟೇ ಕರ್ತವ್ಯ. ಅದಕ್ಕಿಂತ ಹೆಚ್ಚಿನದನ್ನು ಕಡ್ಡಾಯ ಮಾಡಿದರೆ ಬಹುಪಾಲು ಜನರಿಗೆ ತಾಳಿಕೊಳ್ಳಲಾಗದು. ರೋಗಿಯ ಇಚ್ಛೆಯನ್ನು ಮೀರುವ ಹಕ್ಕು ವೈದ್ಯನಿಗಿಲ್ಲ. ಇಂತಹ ಸ್ಥಿತಿಯಲ್ಲಿ ಯಂತ್ರ ತೆಗೆಯುವುದು ಜೀವ ತೆಗೆದಂತೆಯೂ ಅಲ್ಲ, ದಯಾಮರಣವೂ ಅಲ್ಲ.

ಮೂರನೆಯ ಉತ್ತರ ನನ್ನಂತಹ ವಿಜ್ಞಾನ ಪದವೀಧರರಿಗೆ ವಿಶೇಷವಾಗಿ ಹಿಡಿಸುವಂಥದು. ಸಾವಿನ ಕ್ಷಣ ಯಾವುದು ಎಂಬುದನ್ನು ಧರ್ಮತತ್ತ್ವದಿಂದ ತೀರ್ಮಾನಿಸಲಾಗದು, ಅದನ್ನು ಸ್ಪಷ್ಟಪಡಿಸಬೇಕಾದವರು ವೈದ್ಯರು ಎಂದರು ಪೋಪರು. ತಮ್ಮ ಅಧಿಕಾರದ ಎಲ್ಲೆಯನ್ನು ತಾವೇ ಗುರುತಿಸಿದರು. 1968ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯೊಂದು ‘ಮಿದುಳಿನ ಸಾವು’ ಎಂಬುದಕ್ಕೆ ವೈದ್ಯಕೀಯ ಲಕ್ಷಣಗಳನ್ನು ನಿರೂಪಿಸಿದಾಗ ಈ ಭಾಷಣವನ್ನು ಉಲ್ಲೇಖಿಸಿತು. ಆ ಸಮಿತಿಯ ಅಧ್ಯಕ್ಷ ಹೆನ್ರಿ ಬೀಚರ್ ಕೂಡ ಅರಿವಳಿಕೆ ತಜ್ಞರೇ.

ಅದೇ ವರ್ಷದ ಫೆಬ್ರವರಿ 24ರಂದು ಇಟಲಿಯ ಅರಿವಳಿಕೆ ತಜ್ಞರಿಗೆ ಇನ್ನೊಂದು ಉತ್ತರವನ್ನೂ ಪಿಯುಸ್ ಕೊಟ್ಟಿದ್ದರು. ಸಾಯುತ್ತಿರುವವನ ನೋವು ತಗ್ಗಿಸಲು ಮದ್ದು ಕೊಡಬಹುದು. ಅದರಿಂದ ಆಯುಸ್ಸು ಸ್ವಲ್ಪ ಕಡಿಮೆಯಾಗುವ ಸಂಭವವಿದ್ದರೂ, ಉದ್ದೇಶ ನೋವು ತಗ್ಗಿಸುವುದಾಗಿದ್ದರೆ ಅದು ಕೊಲೆಯಲ್ಲ. ಇದಾದ ಮರುವರ್ಷ, 1958ರಲ್ಲಿ, ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಕಥೋಲಿಕ ಸಂನ್ಯಾಸಿನಿಯರು ನಡೆಸುತ್ತಿದ್ದ ಲಂಡನ್ನಿನ ಸೇಂಟ್ ಜೋಸೆಫ್ಸ್ ಹಾಸ್ಪಿಸ್‌ನಲ್ಲಿ ಕೆಲಸಕ್ಕೆ ಸೇರಿದರು. ಅವರು ಆಂಗ್ಲಿಕನ್ ಪಂಥದವರು. ನೋವು ಬಂದ ಮೇಲಲ್ಲ, ಬರುವ ಮೊದಲೇ ಗಂಟೆ ಲೆಕ್ಕದಲ್ಲಿ ಮಾರ್ಫಿನ್ ಕೊಡುವ ಕ್ರಮವನ್ನು ಅವರು ಬೆಳೆಸಿದರು. ಇಂದಿನ ಉಪಶಾಮಕ ಆರೈಕೆ ಬೆಳೆದದ್ದು ಅಲ್ಲಿಂದ.

ಒಬ್ಬ ತಂದೆಯ ಅರ್ಜಿ

ಭಾಷಣ ಬೇರೆ, ಬದುಕು ಬೇರೆ. ಈ ಉತ್ತರಕ್ಕೆ ನಿಜವಾದ ಪರೀಕ್ಷೆ ಬಂದದ್ದು 1975ರಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ. ಏಪ್ರಿಲ್ ತಿಂಗಳ ಒಂದು ರಾತ್ರಿ 21 ವರ್ಷದ ಕ್ಯಾರೆನ್ ಆನ್ ಕ್ವಿನ್ಲನ್ ಕುಸಿದುಬಿದ್ದಳು. ಕನಿಷ್ಠ ಎರಡು ಬಾರಿ, ಸುಮಾರು ಕಾಲುಗಂಟೆಯಷ್ಟು ಹೊತ್ತು, ಅವಳ ಉಸಿರು ನಿಂತಿತ್ತು. ಮಿದುಳಿಗೆ ಸರಿಪಡಿಸಲಾಗದ ಹಾನಿಯಾಯಿತು. ವೆಂಟಿಲೇಟರ್ ಎಂಬ ಉಸಿರಾಟದ ಯಂತ್ರಕ್ಕೆ ಅವಳನ್ನು ಜೋಡಿಸಿದರು.

ಅವಳ ಸಾಕುತಂದೆ ಜೋಸೆಫ್, ಸಾಕುತಾಯಿ ಜೂಲಿಯಾ ಇಬ್ಬರೂ ನಿಷ್ಠಾವಂತ ಕಥೋಲಿಕರು. ತಿಂಗಳುಗಳು ಕಳೆದವು. ಯಂತ್ರ ತೆಗೆಸುವುದು ಪಾಪವಾಗುತ್ತದೆಯೋ ಎಂಬ ಭಯ ಜೋಸೆಫ್ ಅವರನ್ನು ಕಾಡುತ್ತಿತ್ತು. ಅವರ ಚರ್ಚಿನ ಪಾದ್ರಿ ಥಾಮಸ್ ಟ್ರಪಾಸೊ 1957ರ ಬೋಧನೆಯನ್ನು ವಿವರಿಸಿದರು. ತಂದೆತಾಯಿ ಒಪ್ಪಿದರು, ವೈದ್ಯರು ಒಪ್ಪಲಿಲ್ಲ. ನವೆಂಬರಿನಲ್ಲಿ ಕೆಳ ನ್ಯಾಯಾಲಯವೂ ಅರ್ಜಿಯನ್ನು ತಳ್ಳಿಹಾಕಿತು. ಆ ಪ್ರಾಂತದ ಬಿಷಪ್ ಲಾರೆನ್ಸ್ ಕೇಸಿ, ತಂದೆಯ ನಿರ್ಧಾರ ಧರ್ಮಸಭೆಯ ಬೋಧನೆಗೆ ಅನುಗುಣವಾಗಿದೆ ಎಂದು ಹೇಳಿಕೆ ಕೊಟ್ಟರು. 1976ರ ಮಾರ್ಚ್ 31ರಂದು ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಆ ಹೇಳಿಕೆಯನ್ನು ತನ್ನ ತೀರ್ಪಿನಲ್ಲಿ ಉದ್ಧರಿಸಿ, ತಂದೆಯ ಪರವಾಗಿ ಒಮ್ಮತದ ತೀರ್ಪಿತ್ತಿತು. ಆದರೆ ತೀರ್ಪಿನ ಆಧಾರ ಧರ್ಮವಲ್ಲ, ಖಾಸಗಿತನದ ಹಕ್ಕು. ಧರ್ಮದ ಮಾತು, ಆ ತಂದೆಯ ಮನಸ್ಸು ಎಂಥದು ಎಂದು ತಿಳಿಯಲು ನ್ಯಾಯಾಲಯಕ್ಕೆ ನೆರವಾಯಿತು.

ಮೇ ತಿಂಗಳಲ್ಲಿ ಯಂತ್ರ ತೆಗೆದರು. ಕ್ಯಾರೆನ್ ಸಾಯಲಿಲ್ಲ. ತಾನಾಗಿಯೇ ಉಸಿರಾಡಿದಳು. ಎಚ್ಚರಗೊಳ್ಳದೆ ಇನ್ನೂ ಒಂಬತ್ತು ವರ್ಷ ಬದುಕಿ, 1985ರ ಜೂನ್ 11ರಂದು ನ್ಯುಮೋನಿಯಾದಿಂದ ತೀರಿಕೊಂಡಳು. ಆಕೆಗೆ ಮಿದುಳಿನ ಸಾವು ಆಗಿರಲಿಲ್ಲ. ಉಸಿರಾಟವನ್ನು ನಡೆಸುವ ಮಿದುಳುಕಾಂಡ ಬಹುಮಟ್ಟಿಗೆ ಉಳಿದಿತ್ತು, ಹೆಚ್ಚಿನ ಹಾನಿಯಾದದ್ದು ಥಲಾಮಸ್ ಎಂಬ ಭಾಗಕ್ಕೆ ಎಂದು 1994ರಲ್ಲಿ ಪ್ರಕಟವಾದ ಪರೀಕ್ಷಾವರದಿ ತಿಳಿಸಿತು. ಆ ಒಂಬತ್ತು ವರ್ಷವೂ ಕೊಳವೆಯ ಮೂಲಕ ಆಹಾರ ಕೊಡುವುದನ್ನು ಹೆತ್ತವರು ನಿಲ್ಲಿಸಲಿಲ್ಲ. ತಂದೆ ದಿನವೂ ಹೋಗಿ ನೋಡಿಬರುತ್ತಿದ್ದರು. ಯಂತ್ರ ಬೇಡವೆಂದವರು ಮಗಳು ಬೇಡವೆಂದಿರಲಿಲ್ಲ.

ದೃಶ್ಯಮಾಧ್ಯಮದಲ್ಲಿ ದುಡಿಯುವ ನಾನು ಇಲ್ಲೊಂದು ಮಾತು ಸೇರಿಸಬೇಕು. ಜಗತ್ತಿನ ಪತ್ರಿಕೆಗಳು, ದೂರದರ್ಶನ ವಾಹಿನಿಗಳು ಮತ್ತೆ ಮತ್ತೆ ತೋರಿಸಿದ್ದು ಅವಳ ಶಾಲಾದಿನಗಳ ಒಂದು ಭಾವಚಿತ್ರವನ್ನು. ಹಾಸಿಗೆಯಲ್ಲಿದ್ದ ಅವಳ ಚಿತ್ರ ತೆಗೆಯಲು ಹೆತ್ತವರು ಬಿಡಲಿಲ್ಲ. ನೋಡುಗರು ಅವಳನ್ನು ನಿದ್ರಿಸುತ್ತಿರುವ ಚೆಲುವೆಯೆಂದು ಭಾವಿಸಿದರು. ನಿಜಸ್ಥಿತಿ ಬೇರೆಯಾಗಿತ್ತು. ಇಂತಹ ವಿಷಯದಲ್ಲಿ ಒಂದು ಚಿತ್ರ ನೋಡಿ ಅಭಿಪ್ರಾಯ ಕಟ್ಟಿಕೊಳ್ಳಬೇಡಿ.

ಇನ್ನೂ ಮುಗಿಯದ ವಾದ

1980ರ ಮೇ 5ರಂದು ವ್ಯಾಟಿಕನ್ ಹೊರಡಿಸಿದ ಘೋಷಣೆ ದಯಾಮರಣವನ್ನು ಮತ್ತೆ ನಿರಾಕರಿಸಿತು. ಜೊತೆಗೆ ಸಾಮಾನ್ಯ, ಅಸಾಮಾನ್ಯ ಎಂಬ ಮಾತುಗಳು ಗೊಂದಲ ತರುತ್ತಿದ್ದುದರಿಂದ, ಚಿಕಿತ್ಸೆಯ ಹೊರೆಗೂ ಅದರಿಂದಾಗುವ ಫಲಕ್ಕೂ ಹೊಂದಿಕೆಯಿದೆಯೇ ಎಂದು ನೋಡುವ ಕ್ರಮವನ್ನೂ ಹೇಳಿತು. ಆದರೆ ಕೊಳವೆಯ ಆಹಾರದ ಪ್ರಶ್ನೆ ಉಳಿದೇ ಇತ್ತು. ಅದು ಚಿಕಿತ್ಸೆಯೇ, ಅಥವಾ ಹಸಿದವರಿಗೆ ಅನ್ನ ಕೊಟ್ಟಂತೆಯೇ? ಕಥೋಲಿಕ ಚಿಂತಕರಲ್ಲೇ ಎರಡು ಅಭಿಪ್ರಾಯಗಳಿದ್ದವು. 2004ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್, ಕೃತಕವಾಗಿ ಕೊಟ್ಟರೂ ಅನ್ನನೀರು ತಾತ್ತ್ವಿಕವಾಗಿ ಸಾಮಾನ್ಯ ಆರೈಕೆಯೇ ಎಂದರು. ಮರುವರ್ಷ ಅವರೇ ಕಾಯಿಲೆ ಬಿದ್ದರು. ಫೆಬ್ರವರಿಯಲ್ಲಿ ಶ್ವಾಸನಾಳದ ಶಸ್ತ್ರಚಿಕಿತ್ಸೆಗೆ ಒಳಗಾದರು. ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ಮರಳದೆ, 2005ರ ಏಪ್ರಿಲ್ 2ರಂದು ತಮ್ಮ ಕೋಣೆಯಲ್ಲೇ ಕೊನೆಯುಸಿರೆಳೆದರು.

ಈ ನಿಲುವನ್ನು ಪೂರ್ತಿ ಒಪ್ಪದವರೂ ಇದ್ದಾರೆ. ಯಂತ್ರ ತೆಗೆದರೂ ಸಾವು, ಮದ್ದು ಚುಚ್ಚಿದರೂ ಸಾವು. ಫಲ ಒಂದೇ ಆದಾಗ ಒಂದನ್ನು ಒಪ್ಪಿ ಇನ್ನೊಂದನ್ನು ತಳ್ಳುವುದೇಕೆ ಎಂದು ಅವರು ಕೇಳುತ್ತಾರೆ. ಕಥೋಲಿಕ ಉತ್ತರವಿದು: ಒಂದರಲ್ಲಿ ರೋಗ ಕೊಲ್ಲುತ್ತದೆ, ಇನ್ನೊಂದರಲ್ಲಿ ನಾವು ಕೊಲ್ಲುತ್ತೇವೆ. ಇವೆರಡರಲ್ಲಿ ನಿಮಗೆ ಯಾವ ವಾದ ಸರಿಯೆನಿಸುತ್ತದೆ ಎಂಬುದನ್ನು ನೀವೇ ಯೋಚಿಸಿ. ಆದರೆ ಎರಡೂ ವಾದಗಳನ್ನು ಅವುಗಳ ಪೂರ್ಣ ಬಲದಲ್ಲಿ ಹೇಳಲು ಬಂದ ಮೇಲೆ ತೀರ್ಮಾನಿಸಿ.

ನಮ್ಮ ದೇಶವೂ ಈ ಪ್ರಶ್ನೆಯನ್ನು ಎದುರಿಸಿದೆ. ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗ ಮುಂಬಯಿಯಲ್ಲಿ ದಾದಿಯಾಗಿದ್ದರು. 1973ರಲ್ಲಿ ಅಮಾನುಷ ಹಲ್ಲೆಗೊಳಗಾಗಿ, 2015ರಲ್ಲಿ ಸಾಯುವವರೆಗೂ ಚೇತರಿಸಿಕೊಳ್ಳಲಿಲ್ಲ. ಅವರ ಪರವಾಗಿ ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತಿರಸ್ಕರಿಸಿತು. ಅಷ್ಟು ವರ್ಷ ಆರೈಕೆ ಮಾಡಿದ ಆಸ್ಪತ್ರೆಯ ದಾದಿಯರು ಅದನ್ನು ಮುಂದುವರಿಸಲು ಸಿದ್ಧರಿದ್ದರು. ಆದರೆ ಅದೇ ತೀರ್ಪು, ಕಟ್ಟುನಿಟ್ಟಿನ ಕ್ರಮಗಳೊಡನೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದೆಂದು ಮೊದಲ ಬಾರಿಗೆ ಒಪ್ಪಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವ ಹಕ್ಕನ್ನೂ, ಅದಕ್ಕಾಗಿ ಮುಂಚಿತವಾಗಿ ಬರೆದಿಡುವ ಉಯಿಲನ್ನೂ ಮಾನ್ಯ ಮಾಡಿತು. 2023ರಲ್ಲಿ ಆ ಕ್ರಮಗಳನ್ನು ಸರಳಗೊಳಿಸಲಾಯಿತು. ಅವನ್ನು ಜಾರಿಗೆ ತರಲು ಕರ್ನಾಟಕ ಸರಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿತು.

ನಮ್ಮ ನ್ಯಾಯಾಲಯಗಳು ಇದನ್ನು ‘ನಿಷ್ಕ್ರಿಯ ದಯಾಮರಣ’ ಎಂದು ಕರೆದವು. ಕಥೋಲಿಕ ಬೋಧನೆಯಾದರೋ, ಹೊರೆಯಾದ, ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ ದಯಾಮರಣ ಎಂಬ ಹೆಸರನ್ನೇ ಒಪ್ಪುವುದಿಲ್ಲ. ಇದು ಬರಿಯ ಪದಗಳ ಜಗಳವಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತ ಮಗನಿಗೋ ಮಗಳಿಗೋ ‘ನಾನು ಅಪ್ಪನನ್ನು ಕೊಂದೆನೇ?’ ಎಂಬ ಕೊರಗು ಜೀವಮಾನವಿಡೀ ಉಳಿಯಬಹುದು. ಸಾಯಿಸುವುದು, ಸಾಯಲು ಬಿಡುವುದು, ಕೈಬಿಡುವುದು ಮೂರೂ ಬೇರೆ ಬೇರೆ. ಯಂತ್ರ ನಿಲ್ಲಿಸಿದ ಮೇಲೂ ನೋವಿಗೆ ಮದ್ದು, ಬಾಯಾರಿದ ತುಟಿಗೆ ನೀರು, ಹಿಡಿಯಲು ಒಂದು ಕೈ ಬೇಕೇ ಬೇಕು. ಅದನ್ನು ನಿಲ್ಲಿಸಲು ಯಾವ ಸೂತ್ರವೂ ಅನುಮತಿ ಕೊಡುವುದಿಲ್ಲ.

ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರಾಗುತ್ತೀರಿ, ದಾದಿಯರಾಗುತ್ತೀರಿ, ವಕೀಲರಾಗುತ್ತೀರಿ. ಎಲ್ಲರೂ ಯಾರದಾದರೂ ಮಗನೋ ಮಗಳೋ ಆಗಿಯೇ ಇದ್ದೀರಿ. ಆದ್ದರಿಂದ ಒಂದು ಕೆಲಸ ಮಾಡಿ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ, ಊಟವಾದ ಮೇಲೆ ಒಂದು ದಿನ, ನಿಮ್ಮ ಹಿರಿಯರನ್ನು ಕೇಳಿ: ಅಂಥ ಗಳಿಗೆ ಬಂದರೆ ನಿಮಗೇನು ಬೇಕು, ಏನು ಬೇಡ? ಮೊದಲು ಬೈದಾರು. ಆಮೇಲೆ ಹೇಳುತ್ತಾರೆ. ಹೇಳಿದ್ದನ್ನು ನೆನಪಿಟ್ಟುಕೊಳ್ಳಿ.